ಪ್ರೊಜೆಕ್ಟರ್ ಜೋಡಿಸಿದಾಗಲೆಲ್ಲ ಡೆಸ್ಕ್‌ಟಾಪ್ ಐಕಾನ್‌ಗಳು ಜಾಗ ಬದಲಿಸುತ್ತಿವೆ: ಪರಿಹಾರವೇನು?

ಪ್ರಶ್ನೆ (ಕಾಲೇಜು ಉಪನ್ಯಾಸಕಿ)

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 11. ಡೆಸ್ಕ್‌ಟಾಪಿನ ಎಡಗಡೆ ತರಗತಿವಾರು ಪಾಠದ ಫೋಲ್ಡರ್‌ಗಳನ್ನೂ ಬಲ ಅಂಚಿನಲ್ಲಿ ಹಾಜರಾತಿ ಮತ್ತು ಆಂತರಿಕ ಅಂಕಗಳ ಎಕ್ಸೆಲ್ ಫೈಲ್‌ಗಳನ್ನೂ ಇಟ್ಟುಕೊಂಡಿದ್ದೇನೆ. ತರಗತಿಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿ, ಪಾಠ ಮುಗಿದ ಮೇಲೆ ಕೇಬಲ್ ತೆಗೆದು ನೋಡಿದರೆ, ಬಲಗಡೆಯ ಫೈಲ್‌ಗಳೆಲ್ಲ ಎಡಕ್ಕೆ ಸರಿದು ಪಾಠದ ಫೋಲ್ಡರ್‌ಗಳ ನಡುವೆ ಸೇರಿಕೊಂಡಿರುತ್ತವೆ. ‘ಆಟೋ ಅರೇಂಜ್ ಐಕಾನ್ಸ್’ ಆಯ್ಕೆಯ ಟಿಕ್ ತೆಗೆದಿದ್ದೇನೆ. ಐಕಾನ್ ಕ್ಯಾಶ್ ಅಳಿಸಬೇಕೆಂದು ಒಬ್ಬರು, ಥೀಮ್ ಸೆಟ್ಟಿಂಗ್ ಬದಲಿಸಬೇಕೆಂದು ಇನ್ನೊಬ್ಬರು ಹೇಳಿದರು. ಎರಡನ್ನೂ ಮಾಡಿದರೂ ಪ್ರಯೋಜನವಾಗಲಿಲ್ಲ. ಪ್ರತಿ ಸಲವೂ ಮೊದಲಿನಿಂದ ಜೋಡಿಸಿಕೊಳ್ಳುವುದು ತಪ್ಪುವಂತೆ ಏನಾದರೂ ದಾರಿ ಇದೆಯೇ?

ಉತ್ತರ 1 (ಹಾರ್ಡ್‌ವೇರ್ ಸರ್ವಿಸ್ ಮಾಡುವವರು)

ಮೇಡಂ, ಐಕಾನ್‌ಗಳು ಯಾವಾಗ ಸರಿಯುತ್ತವೆ ಎಂಬುದನ್ನು ನೀವೇ ಸ್ಪಷ್ಟವಾಗಿ ಗುರುತಿಸಿರುವುದರಿಂದ ಕಾರಣ ಹುಡುಕುವ ಕೆಲಸ ಅರ್ಧ ಮುಗಿದಂತೆಯೇ. ಇದರ ಮೂಲ ಇರುವುದು ಪರದೆಯ ರೆಸಲ್ಯೂಷನ್‌ನಲ್ಲಿ, ಅಂದರೆ ಪರದೆಯ ಅಗಲ ಮತ್ತು ಎತ್ತರದಲ್ಲಿರುವ ಚುಕ್ಕೆಗಳ (ಪಿಕ್ಸೆಲ್) ಸಂಖ್ಯೆಯಲ್ಲಿ. ನಿಮ್ಮ ಲ್ಯಾಪ್‌ಟಾಪ್ ಸಾಮಾನ್ಯವಾಗಿ 1920x1080ರಲ್ಲಿ ಕೆಲಸ ಮಾಡುತ್ತಿರಬಹುದು. ತರಗತಿಗಳಲ್ಲಿರುವ ಹಳೆಯ ಪ್ರೊಜೆಕ್ಟರ್‌ಗಳಲ್ಲಿ ಅನೇಕವು 1024x768ರವು. ‘ಡುಪ್ಲಿಕೇಟ್’ ಆಯ್ಕೆಯಲ್ಲಿ ಎರಡೂ ಕಡೆ ಒಂದೇ ಚಿತ್ರ ಕಾಣಬೇಕಾದ್ದರಿಂದ, ವಿಂಡೋಸ್ ಲ್ಯಾಪ್‌ಟಾಪ್ ಪರದೆಯನ್ನೂ ಎರಡಕ್ಕೂ ಹೊಂದುವ ಚಿಕ್ಕ ಅಳತೆಗೆ ಇಳಿಸುತ್ತದೆ. ಆಗ ಬಲ ಅಂಚಿನಲ್ಲಿದ್ದ ಐಕಾನ್‌ಗಳಿಗೆ ಜಾಗವೇ ಉಳಿಯುವುದಿಲ್ಲವಾದ್ದರಿಂದ ಅವನ್ನು ಒಳಗೆ ಎಳೆದುಕೊಳ್ಳುತ್ತದೆ. ಕೇಬಲ್ ತೆಗೆದ ಮೇಲೆ ಪರದೆ ಮೊದಲಿನ ಅಳತೆಗೆ ಮರಳುತ್ತದೆ, ಆದರೆ ಐಕಾನ್‌ಗಳು ಮರಳುತ್ತವೆಂಬ ಖಾತ್ರಿ ಇಲ್ಲ.

‘ಆಟೋ ಅರೇಂಜ್’ ತೆಗೆದದ್ದು ಸರಿಯೇ, ಅದು ತೆಗೆದೇ ಇರಲಿ. ಆದರೆ ಕ್ಯಾಶ್ ಅಳಿಸುವ ಸಲಹೆಯನ್ನು ಎಲ್ಲರಿಗೂ ಕೊಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಆ ಫೈಲ್‌ಗಳಲ್ಲಿ ಇರುವುದು ಐಕಾನ್‌ಗಳ ಚಿತ್ರಗಳೇ ಹೊರತು ಅವುಗಳ ಸ್ಥಾನವಲ್ಲ. ಥೀಮ್‌ಗಳಿಗೆ ಐಕಾನ್ ಬದಲಿಸಲು ಅನುಮತಿ ಕೊಡುವ ಆಯ್ಕೆಯೂ ಹಾಗೆಯೇ: ರೀಸೈಕಲ್ ಬಿನ್‌ನಂಥವುಗಳ ಚಿತ್ರ ಬದಲಾಗಬಹುದೇ ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ.

ನಾಳೆ ಪ್ರೊಜೆಕ್ಟರ್ ಜೋಡಿಸಿದಾಗ ವಿಂಡೋಸ್ ಕೀ ಜೊತೆಗೆ ‘ಪಿ’ ಒತ್ತಿ, ‘ಡುಪ್ಲಿಕೇಟ್’ ಬದಲು, ಪ್ರೊಜೆಕ್ಟರನ್ನು ಪ್ರತ್ಯೇಕ ಎರಡನೇ ಪರದೆಯಾಗಿ ಬಳಸುವ ‘ಎಕ್ಸ್‌ಟೆಂಡ್’ ಆರಿಸಿ. ಅನಂತರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪಿನ ಪರದೆಯೇ ಮೇನ್ ಡಿಸ್‌ಪ್ಲೇ ಆಗಿದೆಯೇ ಎಂದು ನೋಡಿ. ಹೀಗೆ ಮಾಡಿದರೆ ಲ್ಯಾಪ್‌ಟಾಪ್ ತನ್ನ ರೆಸಲ್ಯೂಷನ್ ಉಳಿಸಿಕೊಳ್ಳುವುದರಿಂದ ಐಕಾನ್‌ಗಳು ಅಲುಗಾಡಲು ಕಾರಣವೇ ಇರುವುದಿಲ್ಲ.

ಉತ್ತರ 2 (ಕಚೇರಿಯೊಂದರಲ್ಲಿ ಸಿಸ್ಟಂ ನಿರ್ವಹಣೆ ಮಾಡುವವರು)

ಮೇಲಿನ ಉತ್ತರವನ್ನು ನಾನೂ ಒಪ್ಪುತ್ತೇನೆ. ಜೊತೆಗೆ, ಈಗಿರುವ ಜೋಡಣೆಯ ಒಂದು ಪ್ರತಿಯನ್ನು ಕಾಪಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ರೆಸಲ್ಯೂಷನ್ ಬದಲಾಗಲು ಪ್ರೊಜೆಕ್ಟರೇ ಬೇಕೆಂದಿಲ್ಲ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗುವಾಗ, ಪೂರ್ಣ ಪರದೆಯ ಗೇಮ್ ಆಡುವಾಗ, ಬೇರೆ ಕಂಪ್ಯೂಟರಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪ್ರವೇಶಿಸಿದಾಗಲೂ ಹೀಗಾಗಬಹುದು. ಸ್ಕೇಲಿಂಗ್ ಅನ್ನು (ಅಕ್ಷರ, ಐಕಾನ್‌ಗಳನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 100ರಿಂದ 150 ಪ್ರತಿಶತಕ್ಕೆ ಏರಿಸಿದರೂ ಪರಿಣಾಮ ಅದೇ: 1920x1080 ಪರದೆಯಲ್ಲಿ ಐಕಾನ್‌ಗಳಿಗೆ 1280x720ರಷ್ಟೇ ಜಾಗ ಸಿಕ್ಕಂತಾಗುತ್ತದೆ. ಡೆಸ್ಕ್‌ಟಾಪಿನ ಮೇಲೆ ಕಂಟ್ರೋಲ್ ಕೀ ಒತ್ತಿಕೊಂಡೇ ಮೌಸ್‌ನ ಚಕ್ರ ತಿರುಗಿಸಿದರೆ ಐಕಾನ್‌ಗಳ ಗಾತ್ರ ಬದಲಾಗುತ್ತದೆ, ಅದರೊಂದಿಗೆ ಸಾಲುಗಳೂ ಬದಲಾಗುತ್ತವೆ. ಇದು ಗೊತ್ತಾಗದೆ ಆಗುವುದೇ ಹೆಚ್ಚು.

ನಾನು ಬಳಸುವುದು ‘ಡೆಸ್ಕ್‌ಟಾಪ್‌ಓಕೆ’ ಎಂಬ ಉಚಿತ ತಂತ್ರಾಂಶ. ಐಕಾನ್‌ಗಳನ್ನು ಬೇಕಾದಂತೆ ಜೋಡಿಸಿ ‘ಸೇವ್’ ಒತ್ತಿದರೆ, ಆಗಿನ ರೆಸಲ್ಯೂಷನ್ ಹೆಸರಿನಲ್ಲಿ ಜೋಡಣೆ ಪಟ್ಟಿಗೆ ಸೇರುತ್ತದೆ. ಚದುರಿದಾಗ ಅದನ್ನು ಆರಿಸಿ ‘ರಿಸ್ಟೋರ್’ ಒತ್ತಿದರೆ ಎಲ್ಲವೂ ಮೊದಲಿನ ಜಾಗಕ್ಕೆ ಬರುತ್ತವೆ. ದಯವಿಟ್ಟು ಅದನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ.

ಮರುಪ್ರಶ್ನೆ (ಉಪನ್ಯಾಸಕಿ)

ಇಬ್ಬರಿಗೂ ಧನ್ಯವಾದಗಳು. ‘ಎಕ್ಸ್‌ಟೆಂಡ್’ ಮಾಡಿ ನೋಡಿದೆ, ಐಕಾನ್‌ಗಳು ಕದಲಲಿಲ್ಲ. ಆದರೆ ಗೋಡೆಯ ಮೇಲೆ ಬರಿಯ ಹಿನ್ನೆಲೆ ಚಿತ್ರ ಕಾಣುತ್ತಿತ್ತು. ಎಕ್ಸೆಲ್ ಹಾಳೆ ನನ್ನ ಪರದೆಯಲ್ಲಿ ಮಾತ್ರ ತೆರೆಯಿತು. ಲೆಕ್ಕ ಮಾಡಿ ತೋರಿಸುವಾಗ ನಾನು ನೋಡುವುದನ್ನೇ ವಿದ್ಯಾರ್ಥಿಗಳೂ ನೋಡಬೇಕಾಗುತ್ತದೆ. ಇದಕ್ಕೇನು ಮಾಡಲಿ? ಕಾಲೇಜಿನ ಲ್ಯಾಪ್‌ಟಾಪ್ ಆದ್ದರಿಂದ ಹೊಸ ತಂತ್ರಾಂಶ ಹಾಕಲು ಅನುಮತಿಯೂ ಇಲ್ಲ.

ಉತ್ತರ 3 (ಹಾರ್ಡ್‌ವೇರ್ ಸರ್ವಿಸ್ ಮಾಡುವವರು)

ಎಕ್ಸೆಲ್ ಕಿಟಕಿಯನ್ನು ತೆರೆದು, ವಿಂಡೋಸ್ ಮತ್ತು ಶಿಫ್ಟ್ ಕೀಗಳ ಜೊತೆ ಬಲ ಅಥವಾ ಎಡ ಬಾಣದ ಕೀ ಒತ್ತಿದರೆ ಅದು ಪ್ರೊಜೆಕ್ಟರಿನ ಪರದೆಗೆ ಹೋಗುತ್ತದೆ. ಪವರ್‌ಪಾಯಿಂಟ್‌ಗಂತೂ ‘ಎಕ್ಸ್‌ಟೆಂಡ್’ ಇನ್ನೂ ಅನುಕೂಲ, ಏಕೆಂದರೆ ಪ್ರೆಸೆಂಟರ್ ವ್ಯೂನಲ್ಲಿ ಸ್ಲೈಡ್ ಗೋಡೆಯ ಮೇಲೂ ನಿಮ್ಮ ಟಿಪ್ಪಣಿಗಳು ನಿಮ್ಮ ಪರದೆಯ ಮೇಲೂ ಇರುತ್ತವೆ. ಆದರೆ ಗೋಡೆಯತ್ತ ತಿರುಗಿ ತಿರುಗಿ ಎಕ್ಸೆಲ್ ಕೋಶಗಳಲ್ಲಿ ಅಂಕಿ ತುಂಬುವುದು ನಿಜಕ್ಕೂ ಕಷ್ಟ. ಅಂಥ ತರಗತಿಗಳಿಗೆ ‘ಡುಪ್ಲಿಕೇಟ್’ ಅನ್ನೇ ಬಳಸಿ, ಜೋಡಣೆಯನ್ನು ಮರಳಿ ಪಡೆಯುವ ವ್ಯವಸ್ಥೆ ಮಾಡಿಕೊಳ್ಳಿ.

ಉತ್ತರ 4 (ಸಿಸ್ಟಂ ನಿರ್ವಹಣೆ ಮಾಡುವವರು)

ಡೆಸ್ಕ್‌ಟಾಪ್‌ಓಕೆಯನ್ನು ಇನ್‌ಸ್ಟಾಲ್ ಮಾಡದೆಯೂ ಓಡಿಸಬಹುದು, ಆದರೂ ಕಾಲೇಜಿನ ನಿಯಮ ಅದಕ್ಕೂ ಅನ್ವಯಿಸಬಹುದಾದ್ದರಿಂದ ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿಯೇ ಬಳಸಿ. ಅವರು ಒಪ್ಪದಿದ್ದರೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ದಾರಿ ಇದೆ. ಐಕಾನ್‌ಗಳ ಸ್ಥಾನ ಉಳಿಯುವುದು ಕರೆಂಟ್ ಯೂಸರ್ ವಿಭಾಗದಲ್ಲಿ, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಶೆಲ್, ಬ್ಯಾಗ್ಸ್, 1, ಡೆಸ್ಕ್‌ಟಾಪ್ ಎಂಬ ಕ್ರಮದಲ್ಲಿ ಇಳಿದರೆ ಸಿಗುವ ಕೀಯಲ್ಲಿ (ರಿಜಿಸ್ಟ್ರಿಯೊಳಗಿನ ಫೋಲ್ಡರಿನಂಥದ್ದು). ಐಕಾನ್‌ಗಳನ್ನು ಸರಿಯಾಗಿ ಜೋಡಿಸಿ, ಒಮ್ಮೆ ಸೈನ್ ಔಟ್ ಆಗಿ ಒಳಬಂದ ಮೇಲೆ ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಮರಳಿ ಹಾಕುವಾಗ ಮೊದಲು ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸ್‌ಪ್ಲೋರರ್ (ಡೆಸ್ಕ್‌ಟಾಪನ್ನು ತೋರಿಸುವ ವಿಂಡೋಸ್ ಪ್ರೋಗ್ರಾಂ) ನಿಲ್ಲಿಸಿ, ‘ರನ್ ನ್ಯೂ ಟಾಸ್ಕ್’ ಮೂಲಕ ಆ ಫೈಲನ್ನು ತೆರೆದು, ಅನಂತರ ಅಲ್ಲಿಂದಲೇ ಎಕ್ಸ್‌ಪ್ಲೋರರ್ ಆರಂಭಿಸಬೇಕು. ಎಕ್ಸ್‌ಪ್ಲೋರರ್ ಓಡುತ್ತಿರುವಾಗಲೇ ಹಾಕಿದರೆ, ಸೈನ್ ಔಟ್ ಆಗುವ ಹೊತ್ತಿಗೆ ಅದು ಚದುರಿದ ಜೋಡಣೆಯನ್ನೇ ಮತ್ತೆ ಬರೆದುಬಿಡುತ್ತದೆ.

ರಿಜಿಸ್ಟ್ರಿಯೂ ಲಾಕ್ ಆಗಿದ್ದರೆ, ಬಲ ಅಂಚಿನ ಎಕ್ಸೆಲ್ ಫೈಲ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ಹಾಕಿ, ಅದನ್ನು ಎಡ ಮೇಲ್ತುದಿಯ ಮೊದಲ ಸಾಲಿನಲ್ಲಿಡಿ. 1024x768ರಲ್ಲಿಯೂ ಅಷ್ಟು ಜಾಗ ಇದ್ದೇ ಇರುತ್ತದೆ.