ಪಾಠ ಅರ್ಥವಾಗುತ್ತದೆ, ಪ್ರೋಗ್ರಾಂ ಬರೆಯಲು ಬರುವುದಿಲ್ಲ: ಅನುಭವವಿರುವವರು ತಿಳಿಸಿ

ಪ್ರಶ್ನೆ:

ನಾನು ಕಂಪ್ಯೂಟರ್ ವಿಜ್ಞಾನದ ಮೊದಲ ವರ್ಷದ ವಿದ್ಯಾರ್ಥಿ. ಎರಡು ತಿಂಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುತ್ತಿದ್ದೇನೆ. ಅಧ್ಯಾಪಕರು ಬರೆದು ತೋರಿಸಿದ ಪ್ರೋಗ್ರಾಂ ಪೂರ್ತಿಯಾಗಿ ಅರ್ಥವಾಗುತ್ತದೆ, ಆದರೆ ಅದೇ ಬಗೆಯ ಇನ್ನೊಂದು ಲೆಕ್ಕ ಕೊಟ್ಟರೆ ಮೊದಲ ಸಾಲೂ ತೋಚುವುದಿಲ್ಲ. ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಬೇಕೆಂದು ಕೆಲವರು ಹೇಳುತ್ತಾರೆ. ಸಿ ಭಾಷೆಯಿಂದಲೇ ಆರಂಭಿಸಬೇಕಿತ್ತೆಂದು ಇನ್ನು ಕೆಲವರು. ಈ ಹಂತವನ್ನು ದಾಟಿದವರು ಏನು ಮಾಡಿದಿರೆಂದು ದಯವಿಟ್ಟು ತಿಳಿಸಿ.

ಉತ್ತರ 1 (ಬೋಧಕರೊಬ್ಬರಿಂದ):

ವಿದ್ಯಾರ್ಥಿಯಾಗಿದ್ದಾಗ ನನಗೂ ಹೀಗೆಯೇ ಆಗಿತ್ತು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪ್ರೋಗ್ರಾಂ ಓದಿದಾಗ ಅದರ ಉದ್ದೇಶ ತಿಳಿಯುವುದು ಬೇರೆ, ಅದು ನಡೆಯುವಾಗ ಒಂದೊಂದು ಸಾಲಿಗೂ ಯಾವ ವೇರಿಯಬಲ್‌ನಲ್ಲಿ (ಬೆಲೆಯನ್ನು ಇಟ್ಟುಕೊಳ್ಳುವ, ಹೆಸರಿರುವ ಜಾಗ) ಯಾವ ಬೆಲೆ ಇರುತ್ತದೆಂದು ಹೇಳಲು ಬರುವುದು ಬೇರೆ. ನನಗೆ ಮೊದಲನೆಯದು ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಅದನ್ನು ಕಲಿಸಿದ್ದು ಕಾಗದದ ಮೇಲೆ ಹಾಕುವ ಒಂದು ಪಟ್ಟಿ: ಪ್ರತಿ ವೇರಿಯಬಲ್‌ಗೆ ಒಂದು ಕಂಬಸಾಲು, ಲೂಪಿನ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗದ) ಪ್ರತಿ ಸುತ್ತಿಗೆ ಒಂದು ಅಡ್ಡಸಾಲು. ಕಂಪ್ಯೂಟರನ್ನು ಮುಟ್ಟದೆ, ಬೆಲೆಗಳನ್ನು ತುಂಬುತ್ತಾ ಹೋಗಿ ಕೊನೆಯ ಉತ್ತರವನ್ನು ಮೊದಲೇ ಬರೆದಿಟ್ಟು, ಆಮೇಲೆ ಪ್ರೋಗ್ರಾಂ ಓಡಿಸಿ ತಾಳೆ ನೋಡಬೇಕು. ತಾಳೆಯಾಗದ ಪ್ರತಿ ಸಲವೂ ನೀವು ಹೊಸದೊಂದನ್ನು ಕಲಿತಿರುತ್ತೀರಿ.

ಸ್ವಂತವಾಗಿ ಬರೆಯುವ ವಿಚಾರಕ್ಕೆ ಬರೋಣ. ಒಂದು ಲಿಸ್ಟ್‌ನಲ್ಲಿರುವ ಅತಿ ದೊಡ್ಡ ಸಂಖ್ಯೆಯನ್ನು ಹುಡುಕಬೇಕೆಂದುಕೊಳ್ಳಿ. 4, 9, 2 ಎಂದು ಕೊಟ್ಟರೆ ನಮ್ಮ ಕಣ್ಣು ಒಂದೇ ನೋಟಕ್ಕೆ 9 ಎನ್ನುತ್ತದೆ, ಹೇಗೆ ಕಂಡುಹಿಡಿದೆವೆಂದು ನಮಗೇ ಗೊತ್ತಾಗುವುದಿಲ್ಲ. ಮೊದಲ ಸಾಲು ತೋಚದಿರುವುದಕ್ಕೆ ಕಾರಣ ಇದೇ ಎಂದು ನನಗನ್ನಿಸುತ್ತದೆ. ಆದ್ದರಿಂದ ಸಂಖ್ಯೆಗಳನ್ನು ಚೀಟಿಗಳಲ್ಲಿ ಬರೆದು ಮಗುಚಿಟ್ಟು, ಒಂದು ಸಲಕ್ಕೆ ಒಂದೇ ಚೀಟಿಯನ್ನು ತೆರೆಯಿರಿ, ನೋಡಿದ ಮೇಲೆ ಮತ್ತೆ ಮಗುಚಿಬಿಡಿ. ಆಗ ಇದುವರೆಗಿನ ದೊಡ್ಡ ಸಂಖ್ಯೆಯನ್ನು ಎಲ್ಲಾದರೂ ನೆನಪಿಟ್ಟುಕೊಳ್ಳಲೇಬೇಕೆಂದು ಕೈಗೆ ತಾನಾಗಿ ತಿಳಿಯುತ್ತದೆ. ಆ ನೆನಪೇ ನಿಮ್ಮ ವೇರಿಯಬಲ್, ಚೀಟಿ ತೆರೆಯುವ ಕೆಲಸವೇ ಲೂಪ್, ಹೊಸದು ದೊಡ್ಡದೇ ಎಂದು ಹೋಲಿಸುವುದೇ ಇಫ್. ಈ ಮೂರನ್ನೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. (ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೂ ಹೆಸರಿಡಬಹುದು, ಆರಂಭದಲ್ಲಿ ನನ್ನ ಕೆಲವು ವಿದ್ಯಾರ್ಥಿಗಳಿಗೆ ಅದರಿಂದ ಧೈರ್ಯ ಬಂದದ್ದನ್ನು ಕಂಡಿದ್ದೇನೆ.)

ಇದೇ ಲೆಕ್ಕದಲ್ಲಿ ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ಆರಂಭದಲ್ಲಿ ದೊಡ್ಡದು ಸೊನ್ನೆ ಎಂದು ಇಟ್ಟುಕೊಳ್ಳುತ್ತಾರೆ. 4, 9, 2 ಕೊಟ್ಟಾಗ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ -7, -3, -12 ಕೊಟ್ಟರೆ ಲಿಸ್ಟ್‌ನಲ್ಲಿ ಇಲ್ಲವೇ ಇಲ್ಲದ ಸೊನ್ನೆ ಉತ್ತರವಾಗುತ್ತದೆ. ಸೊನ್ನೆಯ ಬದಲು ಲಿಸ್ಟ್‌ನ ಮೊದಲ ಸಂಖ್ಯೆಯನ್ನೇ ಇಟ್ಟುಕೊಂಡು ಆರಂಭಿಸಿದರೆ ತಪ್ಪು ಹೋಗುತ್ತದೆ. ಬಾಯಿಪಾಠ ಮಾಡಿದವರಿಗೆ ಈ ಬದಲಾವಣೆ ಏಕೆಂದು ತಿಳಿಯುವುದಿಲ್ಲ, ಪಟ್ಟಿ ಹಾಕಿದವರಿಗೆ ಮೊದಲ ಅಡ್ಡಸಾಲಿನಲ್ಲೇ ಕಾಣುತ್ತದೆ.

ಉತ್ತರ 2:

ಭಾಷೆ ಬದಲಿಸಬೇಡಿ. ಸಿ 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿಯವರು ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಭಾಷೆ. ಪೈಥಾನನ್ನು ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಬಿಡುಗಡೆ ಮಾಡಿದರು. ಎರಡರಲ್ಲೂ ವೇರಿಯಬಲ್, ಇಫ್, ಲೂಪ್, ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಪ್ರೋಗ್ರಾಂ ತುಣುಕು) ಇವೆ, ನೀವು ಈಗ ಕಲಿಯಬೇಕಾದದ್ದೂ ಅಷ್ಟೇ. ವ್ಯತ್ಯಾಸಗಳು ಇಲ್ಲವೆಂದಲ್ಲ: ಎರಡು ಪೂರ್ಣಾಂಕಗಳಾದ 7 ಮತ್ತು 2ನ್ನು ಒಂದು ಓರೆಗೆರೆ ಬಳಸಿ ಭಾಗಿಸಿದರೆ ಸಿ 3 ಎನ್ನುತ್ತದೆ, ಪೈಥಾನ್ 3 ಅದನ್ನೇ 3.5 ಎನ್ನುತ್ತದೆ. ಆದರೆ ಎರಡೇ ತಿಂಗಳಲ್ಲಿ ಭಾಷೆ ಬದಲಿಸಿದರೆ ಇಂತಹ ವ್ಯತ್ಯಾಸಗಳನ್ನು ನೆನಪಿಡುವುದರಲ್ಲೇ ಸಮಯ ಕಳೆಯುತ್ತದೆ.

ಉತ್ತರ 3 (ಅಂತಿಮ ವರ್ಷದ ವಿದ್ಯಾರ್ಥಿನಿಯಿಂದ):

ನಾನು ಮೊದಲ ವರ್ಷ ಕೆಂಪು ಅಕ್ಷರದ ಎರರ್ ಕಂಡೊಡನೆ ಹೆದರಿ, ಬರೆದದ್ದೆಲ್ಲವನ್ನೂ ಅಳಿಸಿ ಮತ್ತೆ ಬರೆಯುತ್ತಿದ್ದೆ. ನನ್ನ ಹಿರಿಯ ಸಹಪಾಠಿಯೊಬ್ಬರು ಪೈಥಾನ್‌ನ ಎರರನ್ನು ಕೊನೆಯ ಸಾಲಿನಿಂದ ಓದಬೇಕೆಂದು ತೋರಿಸಿಕೊಟ್ಟರು. ಏನು ತಪ್ಪಾಗಿದೆಯೆಂಬುದು ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಿ ಎಂಬುದು ಅದರ ಮೇಲೆ ಸಾಲಿನ ಸಂಖ್ಯೆಯೊಂದಿಗೆ ಇರುತ್ತದೆ. ನೇಮ್‌ಎರರ್ ಬಂದರೆ ಹೆಸರಿನ ಕಾಗುಣಿತವನ್ನು ನೋಡಿ; ಇಂಡೆಕ್ಸ್‌ಎರರ್ ಬಂದರೆ ಲಿಸ್ಟ್‌ನ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆಂಬುದನ್ನು ನೆನೆಯಿರಿ, ಏಕೆಂದರೆ ಐದು ವಸ್ತುಗಳಿರುವ ಲಿಸ್ಟ್‌ನಲ್ಲಿ ಕೊನೆಯದರ ಸ್ಥಾನ 4.

ಎರರ್ ಬಾರದ ತಪ್ಪುಗಳೇ ಹೆಚ್ಚು ಕಷ್ಟದವು. ಇನ್‌ಪುಟ್‌ನಿಂದ ಪಡೆದ 5 ಮತ್ತು 3ನ್ನು ಕೂಡಿಸಿ 53 ಎಂಬ ಉತ್ತರ ಬಂದಾಗ ನಾನು ಒಂದು ಸಂಜೆಯೆಲ್ಲ ಗೊಂದಲದಲ್ಲಿದ್ದೆ. ಇನ್‌ಪುಟ್ ಕೊಡುವುದು ಅಕ್ಷರಗಳ ಸಾಲನ್ನು, ಸಂಖ್ಯೆಯನ್ನಲ್ಲ; ಅದನ್ನು ಇಂಟ್ ಬಳಸಿ ಸಂಖ್ಯೆಯಾಗಿ ಬದಲಿಸಿಕೊಳ್ಳಬೇಕು. ಸಂಶಯ ಬಂದ ಕಡೆ ಪ್ರಿಂಟ್ ಹಾಕಿ ಬೆಲೆಯನ್ನೂ ಅದರ ಟೈಪನ್ನೂ (ಸಂಖ್ಯೆಯೋ ಅಕ್ಷರಗಳ ಸಾಲೋ ಎಂಬುದನ್ನು) ನೋಡುವ ಅಭ್ಯಾಸ ಅಂದಿನಿಂದ ನನಗೆ ಉಳಿದಿದೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ 1ರಿಂದ 10ರವರೆಗಿನ ಸಂಖ್ಯೆಗಳ ಮೊತ್ತಕ್ಕೆ ಪ್ರೋಗ್ರಾಂ ಬರೆದೆ, 55ರ ಬದಲು 45 ಬಂತು. ಪಟ್ಟಿ ಹಾಕಿದಾಗ ಕಂಪ್ಯೂಟರಿನ ಉತ್ತರಕ್ಕೆ ಹೊಂದುವಂತೆ ಕೊನೆಯ ಸುತ್ತು 9ಕ್ಕೇ ನಿಲ್ಲಬೇಕಾಯಿತು. ರೇಂಜ್‌ಗೆ (ಸಾಲಾಗಿ ಸಂಖ್ಯೆಗಳನ್ನು ಕೊಡುವ ಪೈಥಾನ್ ಸೌಲಭ್ಯ) 1 ಮತ್ತು 10 ಎಂದು ಕೊಟ್ಟರೆ 10 ಸೇರುವುದಿಲ್ಲ, 11 ಕೊಡಬೇಕೆಂದು ಹೀಗೆ ಗೊತ್ತಾಯಿತು. ಚೀಟಿಗಳಿಂದ ಅತಿ ದೊಡ್ಡ ಸಂಖ್ಯೆಯ ಪ್ರೋಗ್ರಾಮನ್ನೂ ನಾನೇ ಬರೆದೆ. ಆದರೆ ಅದು ಸರಿಯಾಗಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 1 ಬರೆದವರಿಂದ:

ಓದಿ ಬಹಳ ಸಂತೋಷವಾಯಿತು. ಒಂದೇ ಸಂಖ್ಯೆಯಿರುವ ಲಿಸ್ಟ್, ಎಲ್ಲವೂ ಸಮನಾಗಿರುವ ಲಿಸ್ಟ್, ದೊಡ್ಡದು ಮೊದಲಲ್ಲಿರುವುದು, ಕೊನೆಯಲ್ಲಿರುವುದು, ಎಲ್ಲವೂ ಋಣ ಸಂಖ್ಯೆಗಳಾಗಿರುವುದು, ಇಷ್ಟನ್ನು ಕೊಟ್ಟು ನೋಡಿ. ಆಮೇಲೆ ಖಾಲಿ ಲಿಸ್ಟ್ ಕೊಡಿ. ಮೊದಲ ಸಂಖ್ಯೆಯೇ ಇಲ್ಲದಿರುವುದರಿಂದ ಇಂಡೆಕ್ಸ್‌ಎರರ್ ಬರುತ್ತದೆ. ಖಾಲಿ ಲಿಸ್ಟ್‌ಗೆ ಏನು ಉತ್ತರ ಕೊಡಬೇಕೆಂಬುದನ್ನು ಪೈಥಾನ್ ಹೇಳಲಾರದು, ಅದನ್ನು ನೀವು ತೀರ್ಮಾನಿಸಿ, ಪ್ರೋಗ್ರಾಮಿನ ಮೊದಲ ಇಫ್‌ನಲ್ಲಿ ಬರೆಯಿರಿ.