ಒಂದು ಸಿಹಿಗುಂಬಳದಿಂದ ಪುಟ್ಟ ಮಕ್ಕಳಿಗೆ ಏನೇನು ಮಾಡಿಸಬಹುದು?

ಪ್ರಶ್ನೆ (ಶಿಶುವಿಹಾರದ ಶಿಕ್ಷಕಿ, ಸಾಗರ):

ನಮ್ಮ ಶಿಶುವಿಹಾರದಲ್ಲಿ 4ರಿಂದ 6 ವರ್ಷದ 18 ಮಕ್ಕಳಿದ್ದಾರೆ. ಪೋಷಕರೊಬ್ಬರು ತಮ್ಮ ಹಿತ್ತಲಿನಲ್ಲಿ ಬೆಳೆದ, ಸುಮಾರು 5 ಕಿಲೋ ತೂಗುವ ಚೀನಿಕಾಯಿಯನ್ನು (ಬಯಲುಸೀಮೆಯವರು ಸಿಹಿಗುಂಬಳ ಎನ್ನುವುದು ಇದನ್ನೇ) ತಂದುಕೊಟ್ಟಿದ್ದಾರೆ. ಕಳೆದ ವರ್ಷ ಇಂಥದೇ ಕಾಯಿ ಬಂದಾಗ ಅದರ ಚಿತ್ರಕ್ಕೆ ಬಣ್ಣ ತುಂಬಿಸಿ, ಕಾಯಿಯನ್ನು ನೇರವಾಗಿ ಅಡುಗೆಮನೆಗೆ ಕಳುಹಿಸಿಬಿಟ್ಟೆ. ಯಾವ ಮಗುವೂ ಅದನ್ನು ಮುಟ್ಟಿಯೇ ಇರಲಿಲ್ಲ ಎಂಬುದು ಸಂಜೆ ಹೊಳೆಯಿತು. ಈ ಸಲ ಮಕ್ಕಳು ಕೈಯಾರೆ ಮಾಡಿ ಕಲಿಯುವಂಥ ಚಟುವಟಿಕೆಗಳನ್ನು ಅನುಭವಿಗಳು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ನಿವೃತ್ತ ಅಂಗನವಾಡಿ ಕಾರ್ಯಕರ್ತೆ):

ಕಾಯಿಯನ್ನು ಕೂಡಲೇ ಹೆಚ್ಚಬೇಡಿ ಮೇಡಂ. ಇಡಿಯಾಗಿರುವಾಗ ಅದು ವಾರಗಟ್ಟಲೆ ಕೆಡುವುದಿಲ್ಲ, ಹೆಚ್ಚಿದ ಮೇಲೆ ಒಂದೆರಡು ದಿನದಲ್ಲಿ ಮುಗಿಸಲೇಬೇಕು. ಮೊದಲ ದಿನ ಅದನ್ನು ಜಮಖಾನದ ನಡುವೆ ಇಟ್ಟು, ಒಬ್ಬೊಬ್ಬರೂ ಎತ್ತಿ ನೋಡಲಿ, ಮೈಮೇಲಿನ ಏಣುಗಳನ್ನು ಬೆರಳಾಡಿಸಿ ಎಣಿಸಲಿ, ಸುತ್ತಳತೆ ಎಷ್ಟಿರಬಹುದೆಂದು ಅಂದಾಜು ಮಾಡಿ ತಮ್ಮ ತಮ್ಮ ದಾರವನ್ನು ಕತ್ತರಿಸಿಕೊಳ್ಳಲಿ. ಆಮೇಲೆ ದಾರವನ್ನು ಕಾಯಿಗೆ ಸುತ್ತಿ ನೋಡಿದರೆ ಗಿಡ್ಡ, ಉದ್ದ, ಸಮ ಎಂಬ ಮಾತುಗಳು ಅವರ ಬಾಯಿಂದಲೇ ಬರುತ್ತವೆ.

ಎರಡನೆಯ ದಿನ, ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಇದು ಮುಳುಗುವುದೋ ತೇಲುವುದೋ ಎಂದು ಕೇಳಿ. ತಮ್ಮಿಂದ ಎತ್ತಲಾಗದ್ದು ಮುಳುಗಲೇಬೇಕೆಂದು ನಮ್ಮ ಮಕ್ಕಳೆಲ್ಲ ವಾದಿಸಿದ್ದರು. ಕಾಯಿ ತೇಲಿತು, ಪಕ್ಕದಲ್ಲಿ ಹಾಕಿದ ಗೋಲಿ ತಳ ಸೇರಿತು. ಒಬ್ಬ ಹುಡುಗ ಕಾಯಿಯನ್ನು ಎರಡೂ ಕೈಯಿಂದ ನೀರೊಳಗೆ ಒತ್ತಿ ಹಿಡಿದು, ಕೈಬಿಟ್ಟೊಡನೆ ಅದು ಮೇಲಕ್ಕೆ ಚಿಮ್ಮಿದ್ದನ್ನು ಕಂಡು, “ಒಳಗೆ ಯಾರೋ ಇದ್ದಾರೆ” ಎಂದ. ನಾನು ಆಗ ಕಾರಣ ಹೇಳಲಿಲ್ಲ. ಮರುದಿನ ಕಾಯಿ ಹೋಳಾದಾಗ ನಡುವಿನ ಪೊಳ್ಳಿಗೆ ಮೊದಲು ಕೈಹಾಕಿದವನು ಅವನೇ.

ಹೋಳು ಮಾಡುವುದು ದೊಡ್ಡವರ ಕೆಲಸ. (ಹೆಂಗಸರು ಇಡೀ ಕುಂಬಳವನ್ನು ಒಡೆಯಬಾರದೆಂದು ನಮ್ಮ ಸಹಾಯಕಿ ಹಟ ಹಿಡಿದಿದ್ದರಿಂದ ಮೊದಲ ಏಟನ್ನು ಆಟೋ ಚಾಲಕರೊಬ್ಬರು ಹಾಕಿಕೊಟ್ಟರು.) ನಾರಿನಿಂದ ಬೀಜ ಬಿಡಿಸುವುದು ಈ ವಯಸ್ಸಿನ ಬೆರಳುಗಳಿಗೆ ಅಕ್ಷರ ತಿದ್ದುವುದಕ್ಕಿಂತ ಒಳ್ಳೆಯ ಕಸರತ್ತೆಂಬುದು ನನ್ನ ಅಭಿಪ್ರಾಯ. ಲೋಳೆ ಮುಟ್ಟಲು ಹೇಸುವ ಮಗುವಿಗೆ ಚಮಚ ಕೊಡಿ, ಬಲವಂತ ಬೇಡ. ತೊಳೆದು ಒಣಗಿಸಿದ ಬೀಜಗಳನ್ನು ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಹತ್ತರಂತೆ ಹಾಕಿಸಿದರೆ ಎಣಿಕೆ ನೂರನ್ನು ದಾಟುತ್ತದೆ. ಮೂಗಿಗೋ ಕಿವಿಗೋ ತುರುಕಿಕೊಳ್ಳದಂತೆ ಒಬ್ಬರು ಪಕ್ಕದಲ್ಲೇ ಕುಳಿತಿರಬೇಕು.

ಉತ್ತರ 2 (ತರಕಾರಿ ಬೆಳೆಗಾರ):

ಒಣಗಿಸಿದ ಬೀಜಗಳಲ್ಲಿ ಕೆಲವನ್ನು ತೆಂಗಿನ ಕರಟದಲ್ಲಿ, ತಳಕ್ಕೆ ತೂತು ಮಾಡಿ, ಒಂದು ಅಂಗುಲ ಆಳಕ್ಕೆ ಊರಿಸಿ. ವಾರದ ಆಸುಪಾಸಿನಲ್ಲಿ ಮೊಳಕೆ ಮೇಲೆ ಬರುವಾಗ ಬೀಜದ ಸಿಪ್ಪೆ ಎಲೆಗಳ ತುದಿಗೆ ಟೋಪಿಯಂತೆ ಅಂಟಿಕೊಂಡಿರುವುದನ್ನು ಮಕ್ಕಳಿಗೆ ತೋರಿಸಲು ಮರೆಯದಿರಿ. ಬಳ್ಳಿಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಗಂಡು ಹೂವುಗಳು, ಅವು ಕಾಯಿ ಕಚ್ಚದೆ ಉದುರಿದಾಗ ಮಕ್ಕಳು ಬೇಸರಪಡುತ್ತಾರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಮೊದಲೇ ಇರುತ್ತದೆ, ಅದನ್ನು ಹುಡುಕುವುದೇ ಒಂದು ಆಟ. ಹೂವು ಅರಳಿರುವುದು ಬೆಳಗಿನ ಹೊತ್ತು ಮಾತ್ರ. ಆದ್ದರಿಂದ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿಸುವುದಿದ್ದರೆ ಶಾಲೆ ಶುರುವಾದ ಕೂಡಲೇ ಮಾಡಿಸಬೇಕು. ಮಕ್ಕಳೇ ಎತ್ತಿಕೊಳ್ಳುವಂಥ ಕಾಯಿ ಬೇಕಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ತಳಿ ಒಳ್ಳೆಯದು, ಅದರ ಕಾಯಿ ಒಂದು ಕಿಲೋ ಆಸುಪಾಸು ತೂಗುತ್ತದೆ.

ಉತ್ತರ 3 (ಇಬ್ಬರು ಮಕ್ಕಳ ತಂದೆ):

ಜೊತೆಗೆ ಬಲಿತ ಬೂದುಗುಂಬಳವೊಂದನ್ನೂ ತರಿಸಿ. ಅದರ ಮೇಲಿನ ಬಿಳಿ ಹುಡಿಯಲ್ಲಿ ಬೆರಳಿನಿಂದ ಗೆರೆ ಎಳೆಯಬಹುದು. ಕಪ್ಪು ಬಟ್ಟೆಯನ್ನು ಹೆಗಲಿಗೆ ಹಾಕಿಸಿ ಕಾಯಿಯನ್ನು ಹೊರಿಸಿ, ಇಳಿಸಿ ನೋಡಿದರೆ ಬಟ್ಟೆಯೆಲ್ಲ ಬೆಳ್ಳಗಾಗಿರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಅವನು ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಂಡ ಎಂಬುದು ನನ್ನ ಐದು ವರ್ಷದ ಮಗಳಿಗೆ ಅರ್ಥವಾದದ್ದು ಹೀಗೆ. ನಿಜ ಹೇಳಬೇಕೆಂದರೆ ನನಗೂ ಆವತ್ತೇ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ದಾರ ಕತ್ತರಿಸುವುದು ಇಂದು ಮುಗಿಯಿತು; ಒಬ್ಬಳ ದಾರ ಕಾಯಿಯನ್ನು ಮೂರು ಸುತ್ತು ಬಂದಿತು. ನಮ್ಮಲ್ಲಿರುವ ಪಾತ್ರೆಯೊಳಗೆ ಕಾಯಿ ಹಿಡಿಸದ ಕಾರಣ ನಾಳೆಗೆ ನೆರೆಮನೆಯವರ ಹಂಡೆಯನ್ನು ಕೇಳಿಟ್ಟಿದ್ದೇನೆ.