ತುಕ್ಕು ಹಿಡಿದದ್ದಾ, ತಿಂದದ್ದಾ? ಮತ್ತೆ ಆ ಬಿಳಿ ಪುಡಿಗೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ಕೇಳಬೇಕಾದ್ದು ಎರಡು ಪದದ ಬಗ್ಗೆ. ಆದರೆ ಬೈಕಿನ ಕತೆ ಸ್ವಲ್ಪ ಹೇಳದಿದ್ದರೆ ಪ್ರಶ್ನೆ ಅರ್ಥ ಆಗುವುದಿಲ್ಲ.

ಅಪ್ಪನ ಹಳೇ ಯೆಜ್ದಿ ರೋಡ್‌ಕಿಂಗ್ ಧಾರವಾಡದ ಮನೆಯಲ್ಲಿ ಹದಿನೈದು ವರ್ಷ ಗೋಣಿತಟ್ಟು ಹೊದ್ದು ನಿಂತಿತ್ತು. ಧೂಳು ಬಿಟ್ಟರೆ ಅಂಥದ್ದೇನೂ ಆಗಿರಲಿಲ್ಲ. ಹೋದ ವರ್ಷ ಅದನ್ನು ಉಡುಪಿಗೆ ತಂದೆ. ಒಂದೇ ಮಳೆಗಾಲ ನೋಡಿ! ರಿಮ್ಮು, ಸ್ಪೋಕು, ಎರಡೂ ಸೈಲೆನ್ಸರು ಕೆಂಪಗಾದವು. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ಲೋಹದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ಉಪ್ಪುನೀರಿನ ಪಸೆ ಇದ್ದರೆ ತುಕ್ಕಿನ ಕೆಲಸ ಬೇಗ ಬೇಗ ಸಾಗುತ್ತದೆ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಜಂಗ ಹಿಡದೈತೇನು?" ಅಂದರು. ನಮ್ಮ ಕಡೆ ಜಂಗ, ಇಲ್ಲಿ ತುಕ್ಕು. ಜಂಗ ಪಾರಸಿಯಿಂದ ಬಂದ ಪದ. ಅಲ್ಲಿ ತುಕ್ಕಿಗೆ 'ಜ಼ಂಗ್', ಯುದ್ಧಕ್ಕೆ 'ಜಂಗ್'. ನಮ್ಮ ಬಾಯಲ್ಲಿ ಆ ಎರಡು ಉಚ್ಚಾರ ಒಂದೇ ಆಗಿಬಿಟ್ಟಿವೆ. ಹಾಗಾಗಿ ಜಂಗೀ ಕುಸ್ತಿಯ ಜಂಗಕ್ಕೂ ಸೈಲೆನ್ಸರಿನ ಜಂಗಕ್ಕೂ ನಂಟಿಲ್ಲ. ಚಿಕ್ಕವನಿದ್ದಾಗ ನಾನು ಇದೆ ಅಂದುಕೊಂಡಿದ್ದೆ! ತುಕ್ಕು ಮಾತ್ರ ನಮ್ಮದೇ ಪದ ಅನ್ನಿಸುತ್ತದೆ. ತೆಲುಗಿನಲ್ಲಿ ತುಪ್ಪು, ತಮಿಳಿನಲ್ಲಿ ತುರು, ಮಲಯಾಳದಲ್ಲಿ ತುರುಂಬು. ಎಲ್ಲದರ ತಲೆಯಲ್ಲೂ 'ತು' ಇದೆ, ಅಲ್ವಾ?

ಸರಿ, ಮೆಕ್ಯಾನಿಕ್ ಹತ್ತಿರ ಹೋದೆ. ಅವರು ರಿಮ್ಮಿನ ಮೇಲೆ ಉಗುರಲ್ಲಿ ಗೀರಿ ನೋಡಿ, "ಇದು ಹಿಡಿದದ್ದು ಮಾತ್ರ ಮಾರಾಯ್ರೆ, ತಿಂದಿಲ್ಲ" ಅಂದರು. ನನ್ನ ಕಿವಿ ನೆಟ್ಟಗಾದದ್ದು ಅಲ್ಲಿ. ನಾನು ಇಷ್ಟು ದಿನ 'ತುಕ್ಕು ಹಿಡಿದಿದೆ', 'ತುಕ್ಕು ತಿಂದಿದೆ' ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತಿದ್ದೆ. ಅವರಿಗೆ ಅವು ಬೇರೆ ಬೇರೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ಸೋಪುನೀರಲ್ಲಿ ಅದ್ದಿ ತಿಕ್ಕಿದರು. ಕೆಂಪೆಲ್ಲ ಹೋಗಿ ಕ್ರೋಮು ಹೊಳೆಯಿತು. ಫಾಯಿಲು ಕ್ರೋಮಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಇದು ಹಿಡಿದದ್ದು.

ಆಮೇಲೆ ಸೈಲೆನ್ಸರಿನ ಅಡಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿದರು. ಒಣಗಿದ ಗಾಯದ ಹಕ್ಕಳೆ ಎದ್ದ ಹಾಗೆ ಒಂದು ಪದರ ಕಳಚಿಬಿತ್ತು. ಹಿಂದೆಯೇ ಕಿರುಬೆರಳು ಹೋಗುವಷ್ಟು ತೂತು. "ಇದು ತಿಂದದ್ದು." ಪೆಟ್ರೋಲು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಹಾಲಿನ ಅಂಗಡಿಗೆ ಹೋಗಿಬರುವಷ್ಟು ಓಡಿಸಿ ನಿಲ್ಲಿಸಿದರೆ ಸೈಲೆನ್ಸರು ಪೂರ್ತಿ ಬಿಸಿ ಆಗುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಹಾಗಾಗಿ ಒಳಗಿಂದ ತಿನ್ನುತ್ತಾ ಬಂದದ್ದು ಹೊರಗೆ ಕಾಣುವಾಗ ಮುಗಿದೇ ಹೋಗಿರುತ್ತದೆ.

ನನ್ನ ಮೊದಲ ಪ್ರಶ್ನೆ ಇವೆರಡರ ನಡುವಿನದು. ಸ್ಟ್ಯಾಂಡಿನ ತುಕ್ಕನ್ನು ಉಪ್ಪು ಕಾಗದದಲ್ಲಿ ಉಜ್ಜಿ ತೆಗೆದೆ. (ಉಪ್ಪಿನಿಂದ ಬಂದದ್ದನ್ನು ತೆಗೆಯಲು ಉಪ್ಪು ಕಾಗದ! ಮರಳು ಮರಳಾಗಿರುವುದಕ್ಕೆ ಆ ಹೆಸರಿರಬೇಕು.) ಬಣ್ಣ ಹೋಯಿತು, ಆದರೆ ಸಾಸಿವೆ ಕಾಳಿನಷ್ಟು ಗುಳಿಗಳು ಉಳಿದವು. ಸಿಡುಬು ವಾಸಿಯಾದ ಮುಖದ ಥರ. ತೂತಲ್ಲ, ಬರೀ ಕಲೆಯೂ ಅಲ್ಲ. ಮೆಕ್ಯಾನಿಕ್ ಇದಕ್ಕೆ ಪಿಟ್ಟಿಂಗ್ ಅಂದರು. ನಿಮ್ಮೂರಿನ ಕಮ್ಮಾರರು, ಬೆಸುಗೆಯವರು ಏನನ್ನುತ್ತಾರೆ? 'ಕುಳಿ ಬಿದ್ದಿದೆ' ಅಂತ ಯಾರಾದರೂ ನಿಜವಾಗಿ ಅಂದದ್ದು ಕೇಳಿದ್ದೀರಾ? ಸುಮ್ನೆ ಕೂತು ಹೊಸ ಪದ ಕಟ್ಟಿಕೊಡುವುದು ಬೇಡ, ಬಳಕೆಯಲ್ಲಿ ಇರುವುದು ಬೇಕು.

ಎರಡನೆಯದು ಕಿಲುಬು. ನನ್ನ ತಲೆಯಲ್ಲಿ ಇದು ತಾಮ್ರ, ಹಿತ್ತಾಳೆಯ ಹಸಿರಿಗೆ ಮಾತ್ರ. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದದ್ದು ಅದನ್ನೇ. ತಮಿಳಿನಲ್ಲಿ ಇದರ ನಂಟ ಇರಬಹುದಾದ 'ಕಳಿಂಬು' ಇದೆ, ಅಲ್ಲಿ ಅದಕ್ಕೆ ಮುಲಾಮು ಅನ್ನುವ ಅರ್ಥವೂ ಇದೆ. ಬ್ಯಾಟರಿಯ ತುದಿಯಲ್ಲಿ ತಾಮ್ರದ ವೈರು ಸೇರುವಲ್ಲಿ ನೀಲಿ-ಹಸಿರು ಪುಡಿ ಕೂತಿತ್ತು. ಅದಕ್ಕೆ ಕಿಲುಬು ಅಂದೆ, ಮೆಕ್ಯಾನಿಕ್ಕೂ ಒಪ್ಪಿದರು. ಆದರೆ ಎಂಜಿನ್ನಿನ ಹೊರಕವಚದ ಮೇಲೂ ಪುಡಿ ಇತ್ತು, ಅದು ಬಿಳಿ. ಎಂಜಿನ್ ಕವಚ ಅಲ್ಯೂಮಿನಿಯಂ. ಕಬ್ಬಿಣ ಅಲ್ಲವಾದ್ದರಿಂದ ತುಕ್ಕು ಅನ್ನೋಕೆ ಬಾಯಿ ಬರುವುದಿಲ್ಲ. ಹಸಿರಲ್ಲ, ಹಾಗಾಗಿ ಕಿಲುಬೂ ಅಲ್ಲ. ಪಕ್ಕದಲ್ಲಿದ್ದ ಹುಡುಗ 'ಬೂಷ್ಟು' ಅಂದ. ಅದು ಉಪ್ಪಿನಕಾಯಿಗೆ ಬರುವುದಲ್ವಾ? ಆದರೂ ನೋಡಲು ಹಾಗೇ ಇತ್ತು, ತಪ್ಪು ಅನ್ನಲು ಮನಸ್ಸಾಗಲಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಇಟ್ಟಾಗ ಬರುವ ಕಲೆಗೆ ನಿಮ್ಮ ಮನೆಗಳಲ್ಲಿ ಏನಾದರೂ ಹೆಸರಿದ್ದರೆ ಅದೂ ನಡೆದೀತು.

ಹೊರಡುವಾಗ ಮೆಕ್ಯಾನಿಕ್ ಹೇಳಿದ್ದು: ಟ್ಯಾಂಕು ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗದ ಗಾಳಿಯಲ್ಲೇ ನೀರಿನ ಪಸೆ ಇರುತ್ತದೆ. ಮಳೆಯಲ್ಲಿ ಓಡಿಸಿದ ಮೇಲೆ ಸಿಹಿನೀರಲ್ಲಿ ತೊಳೆದು, ಒರೆಸಿ, "ಒಂದು ಎಣ್ಣೆ ಕೈ ಆಡಿಸಿ." ನಾನು ಕೊಂಡ ಡಬ್ಬಿಯ ಮೇಲೆ 'ತುಕ್ಕು ನಿರೋಧಕ' ಅಂತ ಅಚ್ಚಾಗಿದೆ. ನನಗೆ ಎಣ್ಣೆ ಕೈಯೇ ಹಿಡಿಸಿತು. ಈ ಮಾತು ಘಟ್ಟದ ಮೇಲೂ ಇದೆಯಾ, ತಿಳಿದವರು ಹೇಳಿ. ಬ್ಯಾಟರಿ ಬಿಚ್ಚಿಟ್ಟಿದ್ದೇನೆ, ತುದಿಗಳಿಗೆ ವ್ಯಾಸಲೀನು ಸವರುವುದು ಬಾಕಿ ಇದೆ.